ಎಲ್ಲೆ ದಾಟದ ವಿದ್ಯಾರ್ಥಿವೇತನ: ಠಾಣೆ ಪರಿಸರದ ಕನ್ನಡಿಗರನ್ನು ಕುರಿತು

ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ದೊರೆತ ಕ್ರಿ.ಶ. 945ರ ಶಾಸನವು ವಿದ್ಯಾರ್ಥಿಗಳ ವಸತಿಗೆಂದು 27 ಮನೆಗಳನ್ನು ದತ್ತಿಬಿಟ್ಟುದನ್ನು ದಾಖಲಿಸಿದೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ಆ ಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ವರ್ಣದ ದೃಷ್ಟಿಯಿಂದ ಅದರ ಬಾಗಿಲು ಕಿರಿದಾಗಿತ್ತೆಂಬುದು ನಿಜ. ನಾಡಿನ ಎಲ್ಲೆ ಮಾತ್ರ ಅಲ್ಲಿ ಅಡ್ಡಿಯಾಗಿರಲಿಲ್ಲ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲಸಿದ ಕನ್ನಡ ಕುಟುಂಬಗಳ ಮಕ್ಕಳು ಕಾಲೇಜಿನ ಬಾಗಿಲಲ್ಲಿ ಎದುರಿಸುವ ಸ್ಥಿತಿ ಇದಕ್ಕೆ ವಿಲೋಮವಾದುದು.

ಕೊಲ್ಲಾಪುರದ ಶಾಹೂ ಮಹಾರಾಜರು ಸರ್ಕಾರಿ ಹುದ್ದೆಗಳಲ್ಲಿ ಶೇಕಡ 50ರಷ್ಟನ್ನು ಹಿಂದುಳಿದವರಿಗೆ ಮೀಸಲಿರಿಸಿದ್ದು 1902ರಲ್ಲಿ. ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದೂ ಅದೇ ವರ್ಷ. ಮೈಸೂರು ಸಂಸ್ಥಾನದಲ್ಲಿ ಮಿಲ್ಲರ್ ಸಮಿತಿ ನೇಮಕಗೊಂಡದ್ದು 1918ರಲ್ಲಿ. ಅಂದಿನ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಿಂದ ಮುಂಬಯಿ ಪ್ರಾಂತಕ್ಕೆ ಬಂದವರಿಗೆ ಈ ಎರಡು ಸಂಸ್ಥಾನಗಳ ಆಶ್ರಯವೂ ಇರಲಿಲ್ಲ. ಬಂಟರ ಸಂಘ (1927), ಬಿಲ್ಲವರ ಅಸೋಸಿಯೇಶನ್ (1932) ಮೊದಲಾದವು ಬೆಳೆದುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕೆಂದು ನಾವು ಭಾವಿಸುತ್ತೇವೆ. ಹಗಲು ಹೋಟೆಲಿನಲ್ಲಿ ದುಡಿದು ಇರುಳು ಶಾಲೆಯಲ್ಲಿ ಓದಿದ ತಲೆಮಾರಿಗೆ ಆಸರೆಯಾದದ್ದು ಸರ್ಕಾರಕ್ಕಿಂತ ಹೆಚ್ಚಾಗಿ ಸಮಾಜ.

ಸ್ವಾತಂತ್ರ್ಯಾನಂತರವೂ ಎಲ್ಲೆಯ ಪ್ರಶ್ನೆ ಬಗೆಹರಿಯಲಿಲ್ಲ. ಸಂವಿಧಾನದ 341 ಮತ್ತು 342ನೆಯ ವಿಧಿಗಳು ಪರಿಶಿಷ್ಟ ಜಾತಿ, ಪಂಗಡಗಳನ್ನು ಆಯಾ ರಾಜ್ಯಕ್ಕೆ ಸಂಬಂಧಿಸಿಯೇ ಗುರುತಿಸುತ್ತವೆ. ಮುಂಬಯಿಯ ಒಂದು ವೈದ್ಯಕೀಯ ಕಾಲೇಜಿನ ಪ್ರವೇಶವನ್ನು ಕುರಿತ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1990ರಲ್ಲಿ ಇದನ್ನೇ ಎತ್ತಿಹಿಡಿಯಿತು: ವಲಸೆ ಹೋದವನ ಜೊತೆಗೆ ಆ ಮಾನ್ಯತೆ ವಲಸೆ ಹೋಗದು. ಮಹಾರಾಷ್ಟ್ರದಲ್ಲಿ ಪರಿಶಿಷ್ಟ ಜಾತಿಯವರು 10-8-1950ಕ್ಕೆ, ಇತರ ಹಿಂದುಳಿದ ವರ್ಗದವರು 13-10-1967ಕ್ಕೆ ಮುಂಚಿನ ವಾಸವನ್ನು ದಾಖಲೆಗಳಿಂದ ತೋರಿಸಬೇಕು. ಜಾತಿಯೂ ಆ ರಾಜ್ಯದ ಪಟ್ಟಿಯಲ್ಲಿರಬೇಕು. ಸಿಡ್ಕೊ ಸ್ಥಾಪನೆಯಾದದ್ದು 1970ರಲ್ಲಿ. ಅದು ಕಟ್ಟಿದ ನವಿ ಮುಂಬಯಿ ಈ ಎರಡು ದಿನಾಂಕಗಳಿಗಿಂತಲೂ ಕಿರಿಯದು. ಅಲ್ಲಿನ ವಿದ್ಯಾರ್ಥಿ ಅಜ್ಜನ ಶಾಲಾ ದಾಖಲೆಯನ್ನು ಬೇರೆಡೆ ಅರಸಬೇಕು. ಅದು ಕರ್ನಾಟಕದ ಹಳ್ಳಿಯಲ್ಲಿ ದೊರೆತರೆ ಜಾತಿ ಸಿದ್ಧವಾಗುತ್ತದೆ, ವಾಸ ಸಿದ್ಧವಾಗುವುದಿಲ್ಲ.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಭಾಷಾ ಅಲ್ಪಸಂಖ್ಯಾತರನ್ನು ಗುರುತಿಸಲು ರಾಜ್ಯವೇ ಘಟಕವೆಂದು ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ 2002ರಲ್ಲಿ ತೀರ್ಪಾಯಿತು. ಹೀಗೆ ಒಂದೇ ಎಲ್ಲೆಯನ್ನು ದಾಟಿದ ಕನ್ನಡಿಗನು ಭಾಷೆಯಿಂದ ಅಲ್ಪಸಂಖ್ಯಾತನೆನಿಸುತ್ತಾನೆ, ಜಾತಿಯಿಂದ ಬಂದ ಹಿಂದುಳಿದಿರುವಿಕೆಯ ಮಾನ್ಯತೆಯನ್ನು ಕಳೆದುಕೊಳ್ಳುತ್ತಾನೆ. ಮೊದಲನೆಯದು ಮುಖ್ಯವಾಗಿ ಸಂಸ್ಥೆ ಕಟ್ಟಬಲ್ಲವರಿಗೆ ಒದಗುವ ಹಕ್ಕು. ಎರಡನೆಯದು ಕಟ್ಟಲಾರದವರಿಗೆ ಆಗುವ ನಷ್ಟ.

ಜಾತಿ ಸಂಘಗಳ ವಿದ್ಯಾರ್ಥಿವೇತನ ಈ ನಷ್ಟವನ್ನು ತುಂಬುತ್ತದೆಯೆಂಬ ಮಾತು ಅರ್ಧಸತ್ಯ. ಬಲವಾದ ಸಂಘವಿಲ್ಲದ ಸಮುದಾಯದ ಮಗುವಿಗೆ ಉಳಿಯುವುದು ಅಂಕಗಳ ಪೈಪೋಟಿಯೊಂದೇ. ಹೊರನಾಡ ಕನ್ನಡಿಗರ ಚರಿತ್ರೆಯನ್ನು ಬರೆಯುವವರು ಸಂಘಗಳ ವರದಿಗಳೊಡನೆ ಈ ಕುಟುಂಬಗಳು ಕಾಪಿಟ್ಟ, ತಿರಸ್ಕೃತವಾದ ಅರ್ಜಿಗಳನ್ನೂ ಆಕರಗಳೆಂದು ಪರಿಗಣಿಸಬೇಕು. ದತ್ತಿ ಪಡೆದವರನ್ನು ಶಾಸನಗಳು ನೆನೆದಿವೆ. ಪಡೆಯದವರನ್ನು ನೆನೆಯುವುದು ನಮ್ಮ ಹೊಣೆ.