ರೈಪೇರಿಯನ್

ನದಿ ದಂಡೆಗೆ ಸಂಬಂಧಿಸಿದ ಎಂಬರ್ಥದ ಇಂಗ್ಲಿಷ್ ಕಾನೂನು ವಿಶೇಷಣ. ಮೂಲ, ದಂಡೆ ಎಂಬರ್ಥದ ಲ್ಯಾಟಿನ್ ಪದ ‘ರೀಪಾ’. ಹೊಳೆಗೆ ತಾಗಿದ ಜಮೀನಿನ ಒಡೆಯನಿಗೆ ಆ ಒಡೆತನದಿಂದಲೇ ದಕ್ಕುವ ನೀರಿನ ಹಕ್ಕು ರೈಪೇರಿಯನ್ ಹಕ್ಕು. ಹರಿಯುವ ನೀರು ಅವನ ಸೊತ್ತಲ್ಲ, ಬಳಕೆಯಷ್ಟೇ ಅವನದು.

1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ 7ನೇ ಕಲಮಿನ ಉದಾಹರಣೆಗಳು ಇದನ್ನು ಬಿಡಿಸಿ ಹೇಳುತ್ತವೆ: ಕುಡಿಯಲು, ಮನೆಬಳಕೆಗೆ, ದನಕುರಿಗಳಿಗೆ ನೀರು ತೆಗೆದುಕೊಳ್ಳಬಹುದು, ಹೊಲಕ್ಕೂ ಹಾಯಿಸಬಹುದು, ಆದರೆ ಅದರಿಂದ ದಂಡೆಯ ಇತರ ಒಡೆಯರಿಗೆ ಗಣನೀಯ ಹಾನಿಯಾಗಬಾರದು. ಈ ಕಾಯ್ದೆ ಮೊದಲು ಜಾರಿಯಾದ ಪ್ರಾಂತಗಳಲ್ಲಿ ಮದರಾಸೂ ಒಂದು. ಬಳ್ಳಾರಿ ಸೀಮೆ 1953ರವರೆಗೆ ಮದರಾಸಿನಲ್ಲೇ ಇದ್ದುದರಿಂದ ಹಗರಿಬೊಮ್ಮನಹಳ್ಳಿ ಭಾಗದ ಹಳ್ಳದಂಡೆಯ ಹೊಲಗಳಿಗೂ ಅದು ಆಗಲೇ ಅನ್ವಯಿಸುತ್ತಿತ್ತು.

ವರ್ಷವಿಡೀ ತುಂಬಿ ಹರಿಯುವ ಇಂಗ್ಲೆಂಡಿನ ತೊರೆಗಳ ನಡುವೆ ಬೆಳೆದ ಈ ತತ್ವ, ಮಳೆಗಾಲ ಮುಗಿದರೆ ಮರಳೇ ಕಾಣುವ, ಇದೇ ಭಾಗದ ಚಿಕ್ಕಹಗರಿಯಂಥ ಹಳ್ಳಕ್ಕೆ ಅರ್ಧ ಮಾತ್ರ ಹೊಂದುತ್ತದೆ. ಇಲ್ಲಿ ರೈತನ ಪಾಲನ್ನು ದಂಡೆಗಿಂತ ಮಾಲವಿ ಜಲಾಶಯದಂಥ ಸರ್ಕಾರಿ ಕಾಮಗಾರಿಗಳೇ ನಿರ್ಧರಿಸುತ್ತವೆ. ಅಂತರರಾಜ್ಯ ವ್ಯಾಜ್ಯಗಳಲ್ಲಿ ಈ ವಿಶೇಷಣ ರಾಜ್ಯಗಳಿಗೇ ಅಂಟುತ್ತದೆ: 1969ರಲ್ಲಿ ರಚನೆಯಾದ ಕೃಷ್ಣಾ ಜಲವಿವಾದ ನ್ಯಾಯಾಧಿಕರಣದ ಮುಂದೆ ಮಹಾರಾಷ್ಟ್ರ, ಮೈಸೂರು, ಆಂಧ್ರಪ್ರದೇಶಗಳು ರೈಪೇರಿಯನ್ ರಾಜ್ಯಗಳಾಗಿಯೇ ನಿಂತವು.