ಮುಯ್ಯಾಳಿನ ಊರಲ್ಲಿ ಕ್ಷೇತ್ರಕಾರ್ಯ

ಪದವಿ ಮುಗಿಸಿದವರು ಕಡಲು ದಾಟಿ ಬಂದು ಕರಾವಳಿಯ ಜನರ ನಡುವೆ ದುಡಿಯುವುದು ಇಂದು ನಿನ್ನೆಯ ಮಾತಲ್ಲ. ಟ್ಯೂಬಿಂಗೆನ್‌ನಲ್ಲಿ ಓದಿದ ಹೆರ್ಮನ್ ಮೋಗ್ಲಿಂಗ್ 1836ರಲ್ಲಿ ಬಾಸೆಲ್ ಮಿಶನ್ ಪರವಾಗಿ ಮಂಗಳೂರಿಗೆ ಬಂದ. ಬಂದದ್ದು ಮತಪ್ರಚಾರಕ್ಕೆ, ಅದರಲ್ಲಿ ಮುಚ್ಚುಮರೆಯಿಲ್ಲ. ಆದರೆ ಕನ್ನಡ ಕಲಿತ, ಶಾಲೆ ನಡೆಸಿದ, 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ.

ಮುಂದೆ ಜನರ ನಡುವಿನ ಇಂಥ ದುಡಿಮೆಯೇ ಓದಿನ ವಿಷಯವಾಯಿತು: 1960ರಲ್ಲಿ ಮಂಗಳೂರಿನ ರೋಶನಿ ನಿಲಯದಲ್ಲಿ ಸಮಾಜಕಾರ್ಯದ ಶಿಕ್ಷಣ ಶುರುವಾಯಿತು. ಊರೂರು ಸುತ್ತಿ ಕ್ಷೇತ್ರಕಾರ್ಯ ಮಾಡುವುದು ಆ ಓದಿನ ಭಾಗವೇ.

ಧರ್ಮಸ್ಥಳವಿರುವ ಬೆಳ್ತಂಗಡಿ ತಾಲ್ಲೂಕಿನಲ್ಲಿ ಹಾಗೆ ಕ್ಷೇತ್ರಕಾರ್ಯಕ್ಕೆ ಬಂದವರು ನೋಡಬೇಕಾದದ್ದು ಬಹಳವಿದೆ. 1974ರ ಭೂಸುಧಾರಣೆ ಗೇಣಿದಾರರ ಹೆಸರನ್ನು ಪಹಣಿಗೆ ಏರಿಸಿತು. ಕೈಗೆ ಬಂಡವಾಳ ಮಾತ್ರ ಬರಲಿಲ್ಲ. 1982ರಲ್ಲಿ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಆರಂಭಿಸಿದರು. ಅದರ ‘ಪ್ರಗತಿಬಂಧು’ ಗುಂಪುಗಳು ಹಳೆಯ ಮುಯ್ಯಾಳು ಪದ್ಧತಿಗೆ ಉಳಿತಾಯದ ಪುಸ್ತಕವನ್ನೂ ಜೋಡಿಸಿದವು. 5ರಿಂದ 8 ಸಣ್ಣ ರೈತರು ವಾರಕ್ಕೊಂದು ದಿನ ಸರದಿಯಂತೆ ಒಬ್ಬರ ಜಮೀನಿಗೆ ಇಳಿಯುತ್ತಾರೆ. ಇವತ್ತು ಒಬ್ಬರ ತೋಟದಲ್ಲಿ ಅಡಿಕೆ ಗುಂಡಿ, ಮುಂದಿನ ವಾರ ಇನ್ನೊಬ್ಬರ ಗದ್ದೆಯ ಬದು. ಕೂಲಿಯಿಲ್ಲ, ಆಳಿಗೆ ಆಳೇ ಲೆಕ್ಕ. ಪುಸ್ತಕದ ಕನ್ನಡ ಹೊತ್ತು ಬಂದವರಿಗೆ ಇಲ್ಲಿ ಸಣ್ಣ ಪೇಚಾಟವೂ ಕಾದಿರುತ್ತದೆ: ಗುಂಡಿ ತೋಡುತ್ತಾ ಆಡುವ ಮಾತೆಲ್ಲ ತುಳು!

2012ರಲ್ಲಿ ಈ ಯೋಜನೆಗೆ ಲಂಡನ್ನಿನ ಆಶ್ಡೆನ್ ಪ್ರಶಸ್ತಿ ಬಂತು, ಬಡ ಮನೆಗಳ ಸೌರದೀಪ, ಗೋಬರ್ ಗ್ಯಾಸಿಗೆ ಸಾಲ ಒದಗಿಸಿದ್ದಕ್ಕೆ. ಆದರೂ ಹೆಚ್ಚು ದೂರ ಹಬ್ಬಿದ್ದು ಉಜಿರೆಯ ರುಡ್‌ಸೆಟ್ ಎನ್ನಬೇಕು. 1982ರಲ್ಲೇ ಸಿಂಡಿಕೇಟ್, ಕೆನರಾ ಬ್ಯಾಂಕುಗಳ ಸಹಯೋಗದಲ್ಲಿ ಹುಟ್ಟಿದ ಈ ಸ್ವಉದ್ಯೋಗ ತರಬೇತಿಯ ಮಾದರಿಯಲ್ಲೇ ಕೇಂದ್ರ ಸರ್ಕಾರ ಆರ್‌ಸೆಟಿ ಸಂಸ್ಥೆಗಳನ್ನು ಜಿಲ್ಲೆ ಜಿಲ್ಲೆಗೆ ಕೊಂಡೊಯ್ದಿತು.