ತಂಬೋರಾ ಸಿಡಿಯದಿದ್ದರೆ?

ಇತಿಹಾಸ ಪಾಠ ಹೇಳುವವರಿಗೆ ಒಂದು ಕಟ್ಟುಪಾಡಿದೆ. 'ಹಾಗಾಗದಿದ್ದರೆ ಏನಾಗುತ್ತಿತ್ತು ಮಿಸ್?' ಎಂದು ಮಕ್ಕಳು ಕೇಳಿದರೆ, ಇತಿಹಾಸದಲ್ಲಿ 'ರೆ'ಗೆ ಜಾಗವಿಲ್ಲ ಎಂದು ಕೂರಿಸಬೇಕು. ಆದರೆ ಹವಾಮಾನದ ಇತಿಹಾಸ ಹುಡುಕುವವರು ಆ 'ರೆ'ಯನ್ನೇ ಹಿಡಿದು ಲೆಕ್ಕ ಹಾಕುತ್ತಾರೆ.

1815ರ ಏಪ್ರಿಲ್‌ನಲ್ಲಿ ಇಂದಿನ ಇಂಡೊನೇಷ್ಯಾದ ಸುಂಬಾವಾ ದ್ವೀಪದಲ್ಲಿ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಬೂದಿ ಬೇಗ ಕೆಳಗಿಳಿಯಿತು. ಗಂಧಕದ ಹೊಗೆ ಮಾತ್ರ ಬಾನಿನ ಮೇಲ್ಪದರಕ್ಕೇರಿ, ಸಣ್ಣ ಹನಿಗಳ ತೆಳುಪರದೆಯಾಗಿ ಭೂಮಿಯನ್ನು ಸುತ್ತಿ ಬಿಸಿಲಿಗೆ ಅಡ್ಡ ನಿಂತಿತು. ಮರುವರ್ಷ ಪಶ್ಚಿಮ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ನಮಗಾದರೆ ಅದು ಹಬ್ಬ. ಅಲ್ಲಿ ಗೋಧಿ ಮಾಗುವುದೇ ಬೇಸಿಗೆಯಲ್ಲಿ! ಅಮೆರಿಕದ ನ್ಯೂ ಇಂಗ್ಲೆಂಡಿನಲ್ಲಿ ಜೂನ್ ತಿಂಗಳಲ್ಲಿ ಹಿಮ ಬಿತ್ತು. ಸ್ವಿಟ್ಜರ್ಲೆಂಡಿನಲ್ಲಿ ಬೆಳೆ ಕೆಟ್ಟು ಧಾನ್ಯದ ಬೆಲೆ ಗಗನಕ್ಕೇರಿತು, ಹಸಿದವರು ಭಿಕ್ಷೆಗಿಳಿದರು. ಜಿನೀವಾ ಸರೋವರದ ದಡದಲ್ಲಿ ಮಳೆಗೆ ಸಿಕ್ಕಿ ಮನೆಯೊಳಗೇ ಉಳಿದ ಹದಿನೆಂಟರ ಹುಡುಗಿ ಮೇರಿ ಒಂದು ಕತೆ ಶುರುಮಾಡಿದಳು. ಅದು 1818ರಲ್ಲಿ 'ಫ್ರಾಂಕೆನ್‌ಸ್ಟೈನ್' ಎಂದು ಅಚ್ಚಾಯಿತು. ಮನೆಯೊಳಗೆ ಕೂತ ಹೆಂಗಸರು ಏನು ಮಾಡುತ್ತಾರೆ ಎನ್ನುವವರು ಗಮನಿಸಲಿ.

ಕಂಗೆಟ್ಟ ಜನ ಸೂರ್ಯನ ಕಲೆಗಳನ್ನು ದೂರಿದರು, ದೇವರ ಕೋಪವೆಂದರು. ಸಾವಿರಾರು ಮೈಲಿ ಆಚೆಯ ಬೆಟ್ಟವನ್ನು ಯಾರು ನೆನೆದಾರು? ಈಗ ನಾವು ನೆನೆಯುತ್ತೇವೆ, ಸರಿ. ಆದರೆ ಆ ಚಳಿಗೆಲ್ಲ ತಂಬೋರಾವೇ ಕಾರಣವೆನ್ನುವುದು ಹೇಗೆ? ಜ್ವಾಲಾಮುಖಿ ಇಲ್ಲದೆಯೂ ಚಳಿವರ್ಷಗಳು ಬರುತ್ತವಲ್ಲ!

1816ನ್ನು ಮತ್ತೆ ಕರೆತರಲು ಕಂಪ್ಯೂಟರಿನೊಳಗೆ ಮಾತ್ರ ಸಾಧ್ಯ. ಭೂಮಿಯನ್ನು ಚೌಕಚೌಕವಾಗಿ ವಿಂಗಡಿಸಿ, ಪ್ರತಿ ಚೌಕದಲ್ಲಿ ಬಿಸಿಲು, ಗಾಳಿ, ತೇವ, ಕಡಲು ಹೇಗೆ ಬದಲಾಗುತ್ತವೆಂದು ಭೌತಶಾಸ್ತ್ರದ ಸೂತ್ರಗಳಿಂದ ಗುಣಿಸುತ್ತ ಹೋಗುತ್ತಾರೆ. ಕ್ರಿ.ಶ. 850ರಿಂದ ಈಚಿನ ಸಾವಿರ ವರ್ಷಗಳನ್ನೇ ಹೀಗೆ ಓಡಿಸಿ ನೋಡಿದ್ದಾರೆ. ಯಾವ ಜ್ವಾಲಾಮುಖಿ ಎಷ್ಟು ಗಂಧಕ ಕಾರಿತೆಂಬ ಸುಳಿವು ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾಗಳ ಹಿಮದ ಪದರಗಳಲ್ಲಿ ಸಿಗುತ್ತದೆ. ಒಂದು ಓಟ ಸಾಲದು. ಒಂದೇ ಹಿಟ್ಟಿನ ದೋಸೆಗಳೂ ಒಂದೊಂದು ಥರ ಏಳುವುದಿಲ್ಲವೆ? ಆರಂಭದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಆ ವರ್ಷದ ಹವೆ ಬೇರೆಯಾಗುತ್ತದೆ. ಆದ್ದರಿಂದ ತಂಬೋರಾ ಸಿಡಿದ ಭೂಮಿ, ಸಿಡಿಯದ ಭೂಮಿ ಎರಡನ್ನೂ ಮತ್ತೆ ಮತ್ತೆ ಓಡಿಸಬೇಕು.

2019ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ಆಂಡ್ರ್ಯೂ ಶೂರರ್ ಮತ್ತು ಸಂಗಡಿಗರು ಇಂಥ ಓಟಗಳನ್ನು ಹೋಲಿಸಿದರು. ಜ್ವಾಲಾಮುಖಿಯಿಲ್ಲದೆ ಯುರೋಪಿನಲ್ಲಿ ಅಂಥ ಚಳಿ ಬರುವುದು ತೀರ ಅಪರೂಪ. ಅದರ ಸಂಭವವನ್ನು ತಂಬೋರಾ ನೂರು ಪಟ್ಟಿನವರೆಗೂ ಹೆಚ್ಚಿಸಿತ್ತು. ಆದರೆ ಆ ವರ್ಷ ಗಾಳಿ ಬೀಸಿದ ರೀತಿಗೂ ಅದರಲ್ಲಿ ಪಾಲಿತ್ತು. ಮಳೆಯ ವಿಷಯದಲ್ಲಿ ಉತ್ತರ ಇಷ್ಟು ಖಡಾಖಂಡಿತವಲ್ಲ. ಎಲ್ಲವನ್ನೂ ಒಂದೇ ತಲೆಗೆ ಕಟ್ಟದ ಈ ಲೆಕ್ಕದ ಮೇಲೆ ನನಗೆ ನಂಬಿಕೆ ಹುಟ್ಟುತ್ತದೆ.

ಇನ್ನು, ಯಾವ ತಾಯಿ ಎಷ್ಟು ಕೊಟ್ಟು ರೊಟ್ಟಿ ತಂದಳು, ಯಾರಿಗೆ ತುತ್ತು ಕಡಿಮೆ ಬಡಿಸಿದಳು ಎಂಬುದನ್ನು ಯಂತ್ರ ಹೇಳದು. ಅದಕ್ಕೆ ಸಂತೆಯ ಬೆಲೆಪಟ್ಟಿಯನ್ನೂ ಚರ್ಚಿನ ಸಾವಿನ ಪುಸ್ತಕವನ್ನೂ ತೆರೆಯಬೇಕು.